ಓರೆಯಾದ ಚೌಕ

ಮಾರ್ಚ್ 4, ಮಂಗಳವಾರ. ಸಂಜೆ, ಬಸ್ಸಿನಲ್ಲಿ

ಸೀಟು ಸಿಕ್ಕಿತು. ಇವತ್ತಿನ ಮಟ್ಟಿಗೆ ಅದೇ ದೊಡ್ಡ ಸುದ್ದಿ.

ಬೆಳಿಗ್ಗೆ ಮಾಮೂಲು ಕಸರತ್ತು. ಇವರನ್ನು ಒಂದು ಮಗ್ಗುಲಿಗೆ ಹೊರಳಿಸುವುದು, ಜೋಲಿಯನ್ನು ಬೆನ್ನಿನಡಿ ತೂರಿಸುವುದು, ಇನ್ನೊಂದು ಮಗ್ಗುಲಿಗೆ ಹೊರಳಿಸುವುದು, ಎಳೆದು ಸರಿಮಾಡುವುದು, ತೊಡೆಪಟ್ಟಿ ದಾಟಿಸುವುದು, ಕುಣಿಕೆಗಳನ್ನು ಎತ್ತುವ ಯಂತ್ರದ, ಅಂದರೆ ಹಾಯ್ಸ್ಟಿನ, ಕೊಕ್ಕೆಗೆ ಸಿಕ್ಕಿಸುವುದು. ಆಮೇಲೆ ರಿಮೋಟು. ಮೋಟರು ಗುರುಗುಟ್ಟಿಕೊಂಡು ಎತ್ತುತ್ತದೆ. ಹಾಸಿಗೆಯಿಂದ ಗಾಲಿಕುರ್ಚಿ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಷ್ಟಕ್ಕೇ ನನ್ನ ಸೊಂಟ ಬಿದ್ದುಹೋಗುತ್ತದೆ. ಈ ಹಳೆ ಜೋಲಿ ಡೇರೆ ಬಟ್ಟೆಯಷ್ಟು ದಪ್ಪ. ಒದ್ದೆಯಾದರೆ ಮರುದಿನಕ್ಕೂ ಒಣಗದು. "ಲಗೇಜ್ ಬಂತು, ದಾರಿ ಬಿಡಿ," ಎಂದು ಇವರು ದಿನಾ ಹೇಳುವ ಜೋಕನ್ನು ಇವತ್ತೂ ಹೇಳಿದರು. ನಗು ಬರಲಿಲ್ಲ. ಬಂದಂತೆ ಮಾಡಿದೆ.

ಆಫೀಸಿನಲ್ಲೂ ನನ್ನ ಹಣೆಬರಹ ಅದೇ — ಜೋಲಿ. ಅಲ್ಲಿ ಸ್ಲಿಂಗ್ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಕಾಲಿಲ್ಲದವರನ್ನು, ಕಾಲಿದ್ದೂ ಏಳಲಾಗದವರನ್ನು ಎತ್ತುವ ಬಟ್ಟೆ. ಕತ್ತರಿ ಮುಟ್ಟುವ ಮೊದಲು ಆ ಬಟ್ಟೆಯನ್ನು ಕಂಪ್ಯೂಟರಿನೊಳಗೆ ನೇಯ್ದು, ಮನುಷ್ಯನ ಭಾರ ಹಾಕಿ, ಎಲ್ಲಿ ಎಷ್ಟು ಜಗ್ಗುತ್ತದೆ ಎಂದು ಹೇಳುವುದು ನನ್ನ ಕೆಲಸ. ನಿನ್ನೆ ಕಂಪ್ಯೂಟರಿಗೆ ಹಾಕಿಬಂದ ಲೆಕ್ಕದ ರನ್ ಮತ್ತೆ ನಡುವೆಯೇ ಸತ್ತಿತ್ತು. ಹೊಸ ತೆಳು ಬಟ್ಟೆಯ ಮಾಡೆಲ್ಲು. ಸೀಟಿನ ಭಾಗದಲ್ಲಿ ಲೆಕ್ಕದ ಬಲೆ, ಮೆಶ್, ತಿರುಚಿಕೊಂಡು ಗಂಟಾಗಿ ನಿಂತುಬಿಟ್ಟಿತ್ತು. ಇವತ್ತಿಡೀ ಗಂಟು ಬಿಡಿಸಿದೆ.

ನಿದ್ದೆ ಬರುತ್ತಿದೆ. ಸ್ಟಾಪು ತಪ್ಪಿಸಿಕೊಳ್ಳಬಾರದು.

ಮಾರ್ಚ್ 6, ಗುರುವಾರ. ಮಧ್ಯಾಹ್ನ

ಕೂಡಿಬಂತು! ಗ್ರಾಫಿನಲ್ಲಿ ಮಾಡೆಲ್ ಎಳೆದ ಗೆರೆಯೂ ಟೆಸ್ಟಿಂಗ್ ರೂಮಿನಿಂದ ಬಂದ ಗೆರೆಯೂ ಒಂದರ ಮೇಲೊಂದು. ನಡುವೆ ಕೂದಲು ತೂರಿಸಲೂ ಜಾಗವಿಲ್ಲ. ಹೊಸ ಬಟ್ಟೆಗೂ ಅಷ್ಟೇ, ಮತ್ತೆ ಮತ್ತೆ ಒಗೆದ ಬಟ್ಟೆಗೂ ಅಷ್ಟೇ. ದೊಡ್ಡ ಮೇಡಂ — ನಮ್ಮ ವಿಭಾಗದ ಮುಖ್ಯಸ್ಥೆ — ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಒಗೆದದ್ದೂ ಇಷ್ಟು ಚೆನ್ನಾಗಿ ಕೂಡುತ್ತದಾ ಎಂದು ಕೇಳಿದರು. ಹೂಂ ಎಂದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ ಎನ್ನಬೇಕು.

ಇದರಲ್ಲಿ ಅರ್ಧ ಪುಣ್ಯ ಸ್ಕೇಲಪ್ಪನವರದು. ಟೆಸ್ಟಿಂಗ್ ರೂಮಿನ ಹಿರಿಯರು. ಜೇಬಿನಲ್ಲಿ ಸದಾ ಉಕ್ಕಿನ ಸ್ಕೇಲು, ಹಾಗಾಗಿ ಆ ಹೆಸರು. ಎದುರಿಗೆ ಯಾರೂ ಕರೆಯುವುದಿಲ್ಲ, ಆದರೆ ಅವರಿಗೆ ಗೊತ್ತು. ಅವರು ಕಳಿಸುವ ಸ್ಯಾಂಪಲ್ಲಿನ ಮೇಲೆ ಕ್ಯಾಮರಾಕ್ಕೆಂದು ಹಾಕಿದ ಗೆರೆಗಳು ಶಾಲೆಯ ಬೋರ್ಡಿನ ಮೇಲೆ ಎಳೆದಂತೆ ನೇರ.

ಇವರು ಬೆಳಿಗ್ಗೆ ಕೇಳಿದ್ದರು. ಇಷ್ಟು ವರ್ಷದಿಂದ ಬಟ್ಟೆಯಲ್ಲಿ ಅದೇನು ಲೆಕ್ಕ ಹಾಕುತ್ತೀಯ, ಬಟ್ಟೆ ಅಂದರೆ ಬಟ್ಟೆ ತಾನೇ ಎಂದು. ಟವೆಲು ತಂದು ತೋರಿಸಿದೆ. ಉದ್ದಕ್ಕೆ ಎಳೆಯಿರಿ ಎಂದೆ, ಜಗ್ಗಲಿಲ್ಲ. ಅಗಲಕ್ಕೆ ಎಳೆಯಿರಿ ಎಂದೆ, ಅಲ್ಲಾಡಲಿಲ್ಲ. ಈಗ ಎದುರುಬದುರು ಮೂಲೆ ಹಿಡಿಯೋಣ ಎಂದೆ. ಎಳೆದ ಕೂಡಲೇ ಟವೆಲು ಉದ್ದವಾಗಿ ಸೊಟ್ಟಗಾಯಿತು. ನೂಲು ಒಂದೂ ಹಿಗ್ಗಿಲ್ಲ. ಉದ್ದದ ಹಾಸಿನ ನೂಲೂ ಅಡ್ಡದ ಹೊಕ್ಕಿನ ನೂಲೂ ಒಂದನ್ನೊಂದು ದಾಟುವ ಕಡೆ ತಿರುಗಿವೆ, ಚೌಕ ಓರೆಯಾಗಿದೆ, ಅಷ್ಟೇ. ಎಷ್ಟು ಓರೆಯಾಗುತ್ತದೆ ಎಂಬುದು ಆ ದಾಟುವ ಜಾಗದ ಬಿಗಿಯ ಮೇಲೆ, ಅಲ್ಲಿನ ತಿಕ್ಕಾಟದ ಮೇಲೆ. ನಾನು ಲೆಕ್ಕ ಹಾಕುವುದು ಆ ತಿಕ್ಕಾಟವನ್ನು.

"ಅಂದ್ರೆ ಗಂಡ ಹೆಂಡ್ತಿ ಕೇಸು," ಎಂದರು ಇವರು.

ಮಾರ್ಚ್ 9, ಭಾನುವಾರ

ಹೊಸ ಜೋಲಿ ಮನೆಗೆ ಬಂತು. ಮೊದಲ ಮಾದರಿ, ಪ್ರೋಟೊಟೈಪ್. ದೊಡ್ಡ ಮೇಡಂ ಅವರೇ ಹೇಳಿದ್ದು, ಮನೆಯಲ್ಲೇ ಬಳಸುವವರು ಇದ್ದಾರಲ್ಲ, ಮೊದಲ ಟ್ರಯಲ್ ಅಲ್ಲೇ ಆಗಲಿ ಎಂದು. ಇವರೂ ಖುಷಿಯಿಂದ ಒಪ್ಪಿದರು.

ಹಗುರ. ಮಡಿಸಿದರೆ ಕೈಚೀಲದಲ್ಲಿ ಹಿಡಿಯುತ್ತದೆ. ಮೈಗೆ ಅಂಟಿಕೊಂಡಂತೆ ಕೂರುತ್ತದೆ. ಎತ್ತಿದೆ. ಇವರು ಕಣ್ಣು ಮುಚ್ಚಿಕೊಂಡರು. ಹೆದರಿದರೇನೋ ಎಂದುಕೊಂಡೆ. ಅಲ್ಲ. "ಸರಕಲ್ಲ ಇವತ್ತು. ಮನುಷ್ಯ," ಎಂದರು.

ಆಮೇಲೆ ನಲ್ಲಿಯಡಿ ಹಿಡಿದು ನೋಡಿದರು. ನೀರು ನಿಲ್ಲದೆ ಸೋರಿಹೋಯಿತು. ಇವರ ಮುಖ ನೋಡಬೇಕಿತ್ತು. ಏನು ಯೋಚನೆ ಎಂದು ನನಗೆ ಹೇಳಬೇಕಾಗಿರಲಿಲ್ಲ.

ಪೂಲ್. ಇವರು ಈಜು ಕಲಿಸುತ್ತಿದ್ದವರು. ಈ ಊರಿನ ಅರ್ಧದಷ್ಟು ಮಕ್ಕಳು ಇವರ ಕೈಯಲ್ಲೇ ನೀರು ಕುಡಿದು ಈಜು ಕಲಿತದ್ದು. ನೀರಿನಲ್ಲಿ ಏನೂ ಆಗದ ಮನುಷ್ಯ ಮೂರು ವರ್ಷದ ಹಿಂದೆ ಒಣ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಎದೆಯಿಂದ ಕೆಳಗೆ ಏನೂ ಇಲ್ಲ ಈಗ, ಬೆರಳಲ್ಲೂ ಬಲ ಕಡಿಮೆ. ಅವತ್ತಿನಿಂದ ನೀರಿಗಿಳಿದಿಲ್ಲ. ಪೂಲಿನ ಅಂಚಿಗೆ ಹಾಯ್ಸ್ಟ್ ಇದೆ, ಆದರೆ ಹಳೆ ಜೋಲಿ ನೀರು ಕುಡಿದರೆ ಇವರಿಗಿಂತ ಅದೇ ಭಾರ. ಅದರಲ್ಲಿ ಹೋಗಲು ಇವರಿಗೂ ಮನಸ್ಸಿರಲಿಲ್ಲ. ಪೂಲಿನ ಮ್ಯಾನೇಜರ್ ಇವರ ಹಳೆಯ ಶಿಷ್ಯ. ಇವರು ಇವತ್ತೇ ಅವನಿಗೆ ಫೋನ್ ಮಾಡಿದರು. ಏಪ್ರಿಲ್ ಕೊನೆಗೆ ಪೂಲ್ ಮುಚ್ಚುತ್ತಾರಂತೆ, ಒಡೆದು ಕಟ್ಟುತ್ತಾರಂತೆ, ಮತ್ತೆ ತೆರೆಯುವುದು ಯಾವಾಗಲೋ. ಅಷ್ಟರೊಳಗೆ ಬನ್ನಿ ಸರ್ ಎಂದನಂತೆ.

ಟ್ರಯಲ್ ಮುಗಿದು ನನ್ನ ರಿಪೋರ್ಟಿಗೆ ಸಹಿ ಬಿದ್ದರೆ ಹೊರಗೆ ಬಳಸಬಹುದು. ಸಾಕಷ್ಟು ಸಮಯವಿದೆ ಎಂದೆ.

ನಾನು ಈಜು ಕಲಿತಿಲ್ಲ. ಮದುವೆಯಾದ ಹೊಸತರಲ್ಲಿ ಇವರು ಕಲಿಸಲು ಹೋಗಿ ಕೈಬಿಟ್ಟರು. ಬೆನ್ನ ಮೇಲೆ ತೇಲಿಸುವುದು ಮೊದಲ ಪಾಠ. ಕತ್ತು ಬಿಡು, ಸೊಂಟ ಬಿಡು, ಉಸಿರು ಬಿಡು, ನೀರು ಹಿಡ್ಕೊಳ್ಳುತ್ತೆ ಎನ್ನುವರು. ನನಗೆ ಕತ್ತು ಬಿಡಲು ಬರಲೇ ಇಲ್ಲ. ಪ್ರತಿ ಸಲ ತಲೆ ಎತ್ತಿ ನೋಡುತ್ತಿದ್ದೆ — ಮುಳುಗುತ್ತಿದ್ದೇನೆಯೇ ಎಂದು. ನೋಡಿದ್ದರಿಂದಲೇ ಮುಳುಗುತ್ತಿದ್ದೆ.

ಮಾರ್ಚ್ 15, ಶನಿವಾರ

ಜೋಲಿ ದಿನಾ ಒಗೆದು ಬಳಸುತ್ತಿದ್ದೇವೆ, ಬಿಸಿನೀರಿನಲ್ಲಿ. ಟ್ರಯಲ್ ಅಂದಮೇಲೆ ಚೆನ್ನಾಗಿ ಹಿಂಡಿ ಹಿಪ್ಪೆ ಮಾಡಬೇಕಲ್ಲ. ಮೊದಲಿದ್ದ ಸರಸರ ಸದ್ದು ಹೋಗಿದೆ. ಮಲ್ಲಿನಂತೆ ಮೆತ್ತಗೆ. ಹಗಲಲ್ಲಿ ಇವರನ್ನು ನೋಡಿಕೊಳ್ಳುವ ಅಕ್ಕ ಇದರಲ್ಲೇ ಒಂದು ಸೀರೆ ಬಂದಿದ್ದರೆ ತಗೊಳ್ತಿದ್ದೆ ಎಂದಳು.

ರಿಪೋರ್ಟ್ ಅರ್ಧ ಬರೆದಿದ್ದೇನೆ. ಭುಜ ಎತ್ತಲಾಗುತ್ತಿಲ್ಲ. ಮಗಳು ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. ಚೆನ್ನಾಗಿದ್ದೀಯಾ ಅಂದಳು. ಚೆನ್ನಾಗಿದ್ದೇನೆ ಅಂದೆ. ಇನ್ನೇನು ಹೇಳುವುದು.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ

ಆಫೀಸಿಗೆ ಹೊರಡಬೇಕು, ಬರೆದು ಹೋಗುತ್ತೇನೆ.

ಇವರು ಜಾರಿದರು. ಬೀಳಲಿಲ್ಲ. ಜಾರಿದರು.

ಹಾಸಿಗೆಯಿಂದ ಒಂದು ಗೇಣು ಮೇಲೆದ್ದಿದ್ದರು. ಜೋಲಿಯ ಸೀಟು ಸದ್ದಿಲ್ಲದೆ ಕೆಳಕ್ಕೆ ಇಳಿಯಿತು. ಸೊಂಟ ಕೆಳಗೆ, ಮೊಣಕಾಲು ಮೇಲೆ ಗಲ್ಲದ ಹತ್ತಿರ; ಮನುಷ್ಯ ಪುಸ್ತಕ ಮುಚ್ಚಿದಂತೆ ಮಡಿಸಿಹೋದರು. ಒಂದೂ ಹೊಲಿಗೆ ಬಿಚ್ಚಿಲ್ಲ, ಒಂದೂ ನೂಲು ಹರಿದಿಲ್ಲ. ನನ್ನ ತೊಡೆ ಒತ್ತುಕೊಟ್ಟು ಹಿಡಿದುಕೊಂಡು ರಿಮೋಟು ಒತ್ತಿ ಇಳಿಸಿದೆ. ಕೆಳಗೆ ಹಾಸಿಗೆ ಇತ್ತು, ಬಚಾವು.

ಇವರ ತುಟಿ ಬಿಳಿಚಿಕೊಂಡಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ — ಪ್ಯಾಕಿಂಗ್ ಸರಿ ಇರಲಿಲ್ಲ ಎಂದರು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಇದನ್ನ ಆಫೀಸಲ್ಲಿ ಹೇಳ್ಬೇಡ ಕಣೇ. ವಾಪಸ್ ಇಸ್ಕೊಂಡುಬಿಡ್ತಾರೆ. ಪೂಲ್ ಮುಚ್ಚೋವರೆಗೆ ಮಾತ್ರ."

ಕುಣಿಕೆ ನಾನೇ ತಪ್ಪು ಹಾಕಿರಬೇಕು ಎಂದೆ. ನಿದ್ದೆಗಣ್ಣಲ್ಲಿ ಉದ್ದದ ಕುಣಿಕೆಗೂ ಗಿಡ್ಡದ ಕುಣಿಕೆಗೂ ಅದಲುಬದಲು ಮಾಡಿರಬೇಕು.

ಬಸ್ಸಿಗೆ ಹೊತ್ತಾಯಿತು.

ಮಾರ್ಚ್ 27, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಪುರುಸೊತ್ತು ಇರಲಿಲ್ಲ ಎಂದು ಬರೆಯಬಹುದು. ಆದರೆ ಇದನ್ನು ಓದುವವರು ಯಾರೂ ಇಲ್ಲ, ಯಾರಿಗೆ ಸುಳ್ಳು ಹೇಳಲಿ. ಬರೆದರೆ ಇದನ್ನೇ ಬರೆಯಬೇಕಿತ್ತು. ಅದಕ್ಕೇ ಬರೆಯಲಿಲ್ಲ.

ಮತ್ತೆ ಜಾರಿದರು. ಮೊನ್ನೆ ಒಮ್ಮೆ, ಇವತ್ತು ಒಮ್ಮೆ. ಕುಣಿಕೆ ಸರಿಯಾಗಿಯೇ ಇತ್ತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿ ಹಾಕಿದ್ದೆ. ಈಗ ಎತ್ತುವಾಗ ಕೆಳಗೆ ದಿಂಬು ಜೋಡಿಸುತ್ತೇನೆ, ಅಕ್ಕನನ್ನು ಆ ಕಡೆ ನಿಲ್ಲಿಸಿಕೊಳ್ಳುತ್ತೇನೆ. ಎಂಥ ನಾಚಿಕೆಗೇಡು. ಸುರಕ್ಷಿತ ಎಂದು ಬರೆಯುತ್ತಿರುವವಳು ನಾನು, ದಿಂಬು ಜೋಡಿಸುತ್ತಿರುವವಳೂ ನಾನು.

ಆಫೀಸಿನಲ್ಲಿ ಇವರ ತೂಕವನ್ನೇ ಮಾಡೆಲಿಗೆ ಹಾಕಿ ಓಡಿಸಿದೆ. ಒಗೆದ ಬಟ್ಟೆಯ ಲೆಕ್ಕವನ್ನೇ ಕೊಟ್ಟೆ. ಪರದೆ ಮೇಲಿನ ಮನುಷ್ಯ ಆರಾಮವಾಗಿ ತೂಗುಯ್ಯಾಲೆಯಲ್ಲಿ ಕೂತಂತೆ ಕೂತಿದ್ದಾನೆ. ಸೀಟು ಎರಡು ಬೆರಳಿನಷ್ಟೂ ಇಳಿಯುವುದಿಲ್ಲ. ನೋಡಿ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ಹೇಸಿಗೆಯೂ ಆಯಿತು.

ರಿಪೋರ್ಟ್ ಮುಗಿದಿದೆ. ಸಹಿ ಒಂದು ಬಾಕಿ. ಸೋಮವಾರ ಕೊಡಿ ಎಂದಿದ್ದಾರೆ ದೊಡ್ಡ ಮೇಡಂ. ಸಹಿ ಹಾಕಿದರೆ ಇವರು ನೀರಿಗಿಳಿಯುತ್ತಾರೆ. ಮತ್ತು ಆ ಜೋಲಿ ಗೊತ್ತಿಲ್ಲದ ಮನೆಮನೆಗೆ ಹೋಗುತ್ತದೆ.

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ

ಕಾರಣ ಸಿಕ್ಕಿತು. ಹುಡುಕಿದ್ದರಿಂದ ಸಿಕ್ಕಿದ್ದಲ್ಲ. ಬಟ್ಟೆ ಕಟ್ಟಿ ಎಳೆಯುವ ಫ್ರೇಮಿನ ಅಳತೆ ಒಮ್ಮೆ ನೋಡಿಬಿಡೋಣ ಎಂದು ಟೆಸ್ಟಿಂಗ್ ರೂಮಿಗೆ ಹೋದೆ. ಮೇಲೇರಿ ಹೋಗಿ ಎಷ್ಟು ತಿಂಗಳಾಯಿತೋ. ಸ್ಯಾಂಪಲ್ ಬರುತ್ತದೆ, ಅಂಕಿ ಬರುತ್ತದೆ, ನಾನು ಕುರ್ಚಿ ಬಿಟ್ಟು ಏಳುವುದೇ ಇಲ್ಲ.

ಬಾಗಿಲು ತೆರೆದರೆ ಹಬೆ. ಸ್ಕೇಲಪ್ಪನವರು ಒಗೆದ ಬಟ್ಟೆಯ ತುಂಡನ್ನು ಮೇಜಿನ ಮೇಲೆ ಪಿನ್ನು ಚುಚ್ಚಿ ಬಿಗಿದು ಅದರ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸುತ್ತಿದ್ದರು.

"ಇದೇನು ಮಾಡ್ತಿದ್ದೀರಿ?"

"ಇಸ್ತ್ರಿ, ಮೇಡಂ." ಕಣ್ಣಿಗೆ ಕಾಣುವುದಿಲ್ಲವೇ ಎಂಬ ಧಾಟಿ.

"ಒಗೆದ ಸ್ಯಾಂಪಲ್ಲಿಗಾ?"

"ಒಗೆದ ಮೇಲೆ ಸೊಟ್ಟ ಆಗಿರುತ್ತಲ್ಲ. ಎಳೆದು ಮೂಲೆಮಟ್ಟಕ್ಕೆ ತಂದು, ಹಬೆ ಕೊಟ್ಟು, ಫ್ರೇಮಿಗೆ ಬಿಗಿಯಾಗಿ ಕಚ್ಚಿಸಿದ್ರೆ ಗೆರೆ ನೇರ ಬರುತ್ತೆ. ಸೊಟ್ಟ ಇದ್ರೆ ನಿಮ್ಮ ಸಾಫ್ಟ್‌ವೇರ್ ತಗೊಳ್ಳೋದೇ ಇಲ್ಲ."

ಎಲ್ಲಾ ಸ್ಯಾಂಪಲ್ಲಿಗೂ ಹೀಗೆಯೇ ಮಾಡಿದಿರಾ ಎಂದು ಕೇಳಿದೆ. ಒಂದನ್ನೂ ಬಿಟ್ಟಿಲ್ಲ ಎಂದರು. ಹೆಮ್ಮೆಯಿಂದಲೇ ಹೇಳಿದರು ಪಾಪ.

ಕುರ್ಚಿ ಎಳೆದು ಕೂತುಬಿಟ್ಟೆ. ಗೆರೆ ನೇರ ಇಲ್ಲದ ಸ್ಯಾಂಪಲ್ ಬೇಡ ಎಂದು ಅವರಿಗೆ ಹೇಳಿದವಳು ನಾನು. ಕ್ಯಾಮರಾಕ್ಕೆ ಸುಲಭವಾಗಲಿ ಎಂದು ಹಾಕಿಕೊಂಡ ನಿಯಮ. ಒಗೆದು ಒಗೆದು ಸಡಿಲವಾದ ಬಟ್ಟೆಯನ್ನು ಅವರು ಎಳೆದು, ಹಬೆ ಕೊಟ್ಟು, ಬಿಗಿದು ಮತ್ತೆ ಹೊಸದು ಮಾಡಿ ಫ್ರೇಮಿಗೆ ಕಟ್ಟಿದ್ದಾರೆ. ಬಿಗಿದ ನೂಲು ದಾಟುವಲ್ಲೆಲ್ಲ ಒಂದನ್ನೊಂದು ಒತ್ತಿ ಹಿಡಿಯುತ್ತದೆ, ಓರೆಯಾಗಲು ಬಿಡುವುದಿಲ್ಲ. ಹಾಗಾಗಿ ಒಗೆದ ಬಟ್ಟೆಗೂ ಹೊಸ ಬಟ್ಟೆಗೂ ಗ್ರಾಫಿನಲ್ಲಿ ಒಂದೇ ಗೆರೆ. ಮಾಡೆಲ್ ಬಟ್ಟೆಯಂತೆ ನಡೆಯುತ್ತಿದೆ ಎಂದು ನಾನು ಬೀಗಿದ್ದೆ. ಬಟ್ಟೆಯನ್ನೇ ಮಾಡೆಲಿನಂತೆ ನಡೆಯಲು ಬಗ್ಗಿಸಿದ್ದೆವು.

ಇಸ್ತ್ರಿ ಮಾಡದ ಒಂದನ್ನು ಕಟ್ಟಿಸಿದೆ, ಬಿಗಿಯದೆ, ಹೇಗಿದೆಯೋ ಹಾಗೆ. ಸ್ಕೇಲಪ್ಪನವರು ಮುಖ ಆ ಕಡೆ ಮಾಡಿಕೊಂಡೇ ಕಟ್ಟಿದರು, ಅಷ್ಟು ಸೊಟ್ಟ. ಫ್ರೇಮ್ ಎಳೆಯತೊಡಗಿತು. ಚೌಕ ಓರೆಯಾಯಿತು, ಇನ್ನೂ ಓರೆಯಾಯಿತು. ಎಷ್ಟು ಬಲ ಬೇಕಾಯಿತೆಂದು ತೋರಿಸುವ ಮೀಟರಿನ ಮುಳ್ಳು ಅಲ್ಲಾಡಲೇ ಇಲ್ಲ. ನೂಲುಗಳು ಪಕ್ಕಪಕ್ಕ ಕೂಡಿ ಜಾಮ್ ಆದ ಮೇಲೆಯೇ ನಿಂತದ್ದು. ಇವರು ಮಡಿಸಿಹೋದದ್ದು ಅಷ್ಟೇ ದೂರ.

"ತಪ್ಪು ನಂದಾ ಮೇಡಂ?" ಎಂದರು ಸ್ಕೇಲಪ್ಪ.

ಅಲ್ಲ ಎಂದೆ. ಅವರು ಇಸ್ತ್ರಿಪೆಟ್ಟಿಗೆಯ ವೈರು ಸುತ್ತಿ ಕಪಾಟಿನಲ್ಲಿಟ್ಟರು.

ಮಾರ್ಚ್ 31, ಸೋಮವಾರ

ದೊಡ್ಡ ಮೇಡಂ ಮುಂದೆ ಗ್ರಾಫಿನ ಎರಡು ಗೆರೆಗಳನ್ನೂ ಇಟ್ಟೆ. ಇಸ್ತ್ರಿಯದು, ಇಸ್ತ್ರಿಯಿಲ್ಲದ್ದು. ಓದಿದರು. ಕಿಟಕಿಯ ಕಡೆ ನೋಡಿದರು.

ಮನೆಯಲ್ಲಿ ಏನಾದರೂ ಆಯಿತಾ ಎಂದು ಕೇಳಿದರು. ಹೇಳಿದೆ. ಯಾವಾಗ ಎಂದರು. ಅದನ್ನೂ ಹೇಳಿದೆ. ಬೈಯುತ್ತಾರೆ ಎಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಬೈಯಲಿಲ್ಲ. ಅವರಿಗೂ ಸುಸ್ತಾಗಿತ್ತೋ ಏನೋ. "ನಿಮ್ಮ ಯಜಮಾನ್ರು ಚೆನ್ನಾಗಿದ್ದಾರೆ ತಾನೇ?" ಎಂದಷ್ಟೇ ಕೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಪ್ರೋಟೊಟೈಪ್ ಹಿಂದಕ್ಕೆ. ರಿಪೋರ್ಟ್ ರದ್ದು. ಎಲ್ಲಾ ಟೆಸ್ಟೂ ಮೊದಲಿನಿಂದ.

ಇವರಿಗೆ ಹೇಳಬೇಕು. ಬಸ್ಸಿನಲ್ಲಿ ಎರಡು ಸ್ಟಾಪು ಮುಂದೆ ಹೋಗಿ ಇಳಿದೆ. ನಡೆದುಕೊಂಡು ಗೇಟಿನವರೆಗೆ ಬಂದು, ಹೊರಗಿನ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಏಪ್ರಿಲ್ 1, ಮಂಗಳವಾರ

ನಿನ್ನೆ ಆದದ್ದು.

ಒಳಗೆ ಕಾಲಿಟ್ಟ ಕೂಡಲೇ ಮುಖ ನೋಡಿ ತಿಳಿದುಕೊಂಡರು. ಹೇಳಿದ್ಯಾ ಎಂದರು. ಹೇಳಿದೆ ಎಂದೆ. ಚಪ್ಪಲಿಯೂ ಬಿಟ್ಟಿರಲಿಲ್ಲ.

"ಬಿದ್ದಿದ್ರೆ ನೀರಿಗೇ ತಾನೇ ಬೀಳ್ತಿದ್ದದ್ದು. ನಂಗೇನು ನೀರು ಹೊಸದಾ?"

"ನೀರಿಗಲ್ಲ ರೀ. ಅಂಚಿನ ಕಲ್ಲಿನ ಮೇಲೆ. ನೀವೊಬ್ರೇ ಆಗಿದ್ರೆ ಬೇರೆ ಮಾತು. ಇದು ಯಾರ್‍ಯಾರದೋ ಮನೆಗೆ ಹೋಗುತ್ತೆ. ಅಲ್ಲಿ ದಿಂಬು ಯಾರು ಜೋಡಿಸ್ತಾರೆ?"

ಗಾಲಿಕುರ್ಚಿ ಹಿಂದಕ್ಕೆ ಸರಿಸಿದರು. ಆಮೇಲೆ ಹೇಳಿದರು. ಜೋರಾಗಿ ಅಲ್ಲ, ಲೆಕ್ಕ ಒಪ್ಪಿಸುವವರಂತೆ.

"ಮೂರು ವರ್ಷದಲ್ಲಿ ನಿನ್ನ ಹತ್ರ ಒಂದೇ ಒಂದು ಕೇಳಿದ್ದೆ."

ನಿಜ. ಔಷಧಿ ಕೇಳಿರಬಹುದು, ನೀರು ಕೇಳಿರಬಹುದು. ತಮಗಾಗಿ ಅಂತ ಕೇಳಿದ್ದು ಇದೊಂದೇ. ಅಡುಗೆಮನೆಗೆ ಹೋಗಿ ಅತ್ತೆ. ನಲ್ಲಿ ತಿರುಗಿಸಿಟ್ಟು ಅತ್ತೆ, ಕೇಳಿಸಬಾರದೆಂದು. ಕೇಳಿಸಿರುತ್ತದೆ. ಇವರ ಕಿವಿ ಚುರುಕು.

ಏಪ್ರಿಲ್ 5, ಶನಿವಾರ

ಹಳೆ ಜೋಲಿ. ಹೊರಳಿಸುವುದು, ತೂರಿಸುವುದು, ಎತ್ತುವುದು. ಲಗೇಜ್ ಜೋಕು ಇಲ್ಲ. ಮುಖ ಊದಿಸಿಕೊಂಡಿಲ್ಲ, ಸಿಟ್ಟೂ ಇಲ್ಲ. ಹೂಂ, ಉಹೂಂ, ಸಾಕು — ಇಷ್ಟೇ ಮಾತು. ಆ ಹಳಸಲು ಜೋಕನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಈಗ ಅದಕ್ಕೇ ಕಾಯುತ್ತಿದ್ದೇನೆ.

ಏಪ್ರಿಲ್ 12, ಶನಿವಾರ. ಬೆಳಿಗ್ಗೆ

ಊಟದ ಮೇಜಿನ ಮೇಲೆ ಜೋಲಿಯ ನಕ್ಷೆ ಹರಡಿಕೊಂಡಿದ್ದೆ. ಓರೆಯಾಗುವ ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹೊಲಿದರೆ ಓರೆಯಾಗದು. ಇದು ಹೈಸ್ಕೂಲಿನ ಪಾಠ, ನನ್ನ ಪಾಂಡಿತ್ಯವೇನೂ ಬೇಡ. ಆದರೆ ಇಡೀ ಜೋಲಿಗೆ ಹೊಲಿದರೆ ಅದು ಮತ್ತೆ ಡೇರೆ ಬಟ್ಟೆ. ಸೀಟಿನಡಿ ಮಾತ್ರ ಹೊಲಿಯಬೇಕು. ಎಲ್ಲಿ ಹಾಯಿಸಬೇಕು ಎಂಬುದೇ ಪ್ರಶ್ನೆ. ಹೊಸ ಅಂಕಿ ಹಾಕಿದ ಮಾಡೆಲಿನಲ್ಲಿ ಈಗ ಪರದೆ ಮೇಲಿನ ಮನುಷ್ಯನೂ ಇವರಂತೆಯೇ ಮಡಿಸಿಹೋಗುತ್ತಾನೆ. ಮೊದಲ ಸಲ ಅದನ್ನು ನೋಡಿದಾಗ, ಅಂತೂ ನಿಜ ಹೇಳಿದೆಯಲ್ಲ ಎನಿಸಿತು.

ಇವರು ಗಾಲಿಕುರ್ಚಿ ತಳ್ಳಿಕೊಂಡು ಬಂದು ನಕ್ಷೆಯನ್ನೇ ನೋಡುತ್ತಿದ್ದರು. ನಾನು ಎಡದಿಂದ ಬಲಕ್ಕೆ ಪೆನ್ಸಿಲಿನಲ್ಲಿ ಪಟ್ಟಿ ಎಳೆದೆ.

"ಅಲ್ಲಿ ಬೇಡ. ಅಲ್ಲಿ ಹೋದ್ವರ್ಷ ನಂಗೆ ಹುಣ್ಣಾಗಿತ್ತು. ಹೊಲಿಗೆ ಒತ್ತಿದ್ರೂ ನಂಗೆ ಗೊತ್ತಾಗಲ್ಲ, ನೀನು ನೋಡಿ ಹೇಳಿದ ಮೇಲೇನೇ ಗೊತ್ತಾಗೋದು."

ಇಷ್ಟು ಉದ್ದದ ವಾಕ್ಯ ಕೇಳಿ ಎಷ್ಟು ದಿನವಾಗಿತ್ತು. ತಲೆ ಎತ್ತಲಿಲ್ಲ, ಎತ್ತಿದರೆ ನಿಲ್ಲಿಸಿಬಿಟ್ಟಾರು ಎಂದು. ಮತ್ತೆ ಎಲ್ಲಿ ಎಂದೆ. ಪೆನ್ಸಿಲು ಇಸ್ಕೊಂಡರು. ಬೆರಳು ಈಗಲೂ ಅಷ್ಟು ಬಿಗಿ ಹಿಡಿಯುವುದಿಲ್ಲ. ಗೆರೆ ನಡುಗಿಕೊಂಡು ಬಂತು. ತೊಡೆಯ ಹೊರಗಿನಿಂದ ಬಂದು, ಕೂರುವ ಮೂಳೆಯನ್ನು ಬಳಸಿಕೊಂಡು, ಹಿಂದೆ ಸೊಂಟದ ಮೇಲೆ ಒಂದನ್ನೊಂದು ದಾಟುವ ಎರಡು ಪಟ್ಟಿ.

ಸ್ಕೇಲಪ್ಪ ಈ ಗೆರೆ ನೋಡಿದರೆ ಎದೆ ಒಡೆದುಕೊಳ್ಳುತ್ತಾರೆ ಎಂದೆ. ಇವರಿಗೆ ಸಣ್ಣಗೆ ನಗು ಬಂತು. ಬಂದಂತೆ ಮಾಡಿದರೋ ಏನೋ. ಅದೂ ಸಾಕು.

ಏಪ್ರಿಲ್ 17, ಗುರುವಾರ. ಬಸ್ಸಿನಲ್ಲಿ, ನಿಂತುಕೊಂಡು

ಸಾಫ್ಟ್‌ವೇರಿನಲ್ಲಿ ಆ ನಿಯಮ ತೆಗೆದುಹಾಕಿದೆ. ಸೊಟ್ಟ ಗೆರೆಯನ್ನು ಸೊಟ್ಟ ಎಂದೇ ಓದುತ್ತದೆ ಈಗ. ಸ್ಕೇಲಪ್ಪನವರು ಇಸ್ತ್ರಿಯಿಲ್ಲದ ಸ್ಯಾಂಪಲ್ಲುಗಳನ್ನು ಮೂಗು ಮುರಿಯುತ್ತಲೇ ಕಟ್ಟುತ್ತಿದ್ದಾರೆ. ಸೊಟ್ಟಗೆ ಕಟ್ಟುವುದನ್ನು ಈ ವಯಸ್ಸಿನಲ್ಲಿ ಕಲೀಬೇಕಾಯ್ತು ಎಂದು ಎಲ್ಲರ ಹತ್ತಿರವೂ ಹೇಳಿಕೊಂಡು ಬರುತ್ತಿದ್ದಾರಂತೆ. ಪಟ್ಟಿ ಹೊಲಿದ ಸೀಟು ಚೆನ್ನಾಗಿ ನಿಂತಿದೆ, ಒಗೆದ ಮೇಲೂ. ಮಾಡೆಲಿನ ಗೆರೆಗೂ ಟೆಸ್ಟಿನ ಗೆರೆಗೂ ನಡುವೆ ಈಗ ಒಂದು ಬೆರಳು ಅಂತರ. ದೊಡ್ಡ ಮೇಡಂ ನೋಡಿ, ಈಗ ನಂಬಿಕೆ ಬರುತ್ತೆ ಎಂದರು.

ಆದರೆ ಪೂರ್ತಿ ಟೆಸ್ಟು, ಹೊರಗಿನವರ ತಪಾಸಣೆ, ಎಲ್ಲ ಮತ್ತೆ ಮುಗಿಯಲು ತಿಂಗಳುಗಳೇ ಬೇಕು. ಏಪ್ರಿಲ್ ಕೊನೆ ಎಂದರೆ ಇನ್ನೇನು ಬಂತು. ಇವರಿಗೆ ಹೇಗೆ ಹೇಳುವುದು ಎಂದು ಈ ಕಂಬಿ ಹಿಡಿದುಕೊಂಡು ಯೋಚಿಸುತ್ತಿದ್ದೇನೆ.

ಅದೇ ದಿನ. ಮನೆ

ಹೇಳಬೇಕಾಗಲಿಲ್ಲ. ಇವರೇ ಮಧ್ಯಾಹ್ನ ಪೂಲಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳಿದ್ದಾರೆ. ಅಕ್ಕ ಬಾಗಿಲಲ್ಲೇ ಪಿಸುಗುಟ್ಟಿದಳು. ಫೋನಿಟ್ಟ ಮೇಲೆ ಗೋಡೆ ಕಡೆ ತಿರುಗಿಸು ಎಂದರಂತೆ, ಸಂಜೆಯವರೆಗೂ ಹಾಗೇ ಇದ್ದರಂತೆ.

ನಾನು ಹೋಗಿ ಪಕ್ಕದಲ್ಲಿ ಕೂತೆ. ಏನು ಹೇಳಿದಿರಿ ಅವನಿಗೆ ಎಂದೆ.

"ಹೊಸ ಪೂಲ್ ಕಟ್ಟಿ, ಹೊಸ ಜೋಲಿ ತಗೊಂಡು ಬರ್ತೀನಿ ಅಂದೆ."

ಕ್ಷಮಿಸಿ ಎಂದೆ. ಇವರು ನನ್ನ ಭುಜದ ಮೇಲೆ ಕೈ ಇಟ್ಟರು. ನೋವಿದ್ದ ಭುಜ. ತೆಗೆಯಿರಿ ಎನ್ನಲಿಲ್ಲ.

ಏಪ್ರಿಲ್ 27, ಭಾನುವಾರ. ಮಧ್ಯಾಹ್ನ

ಇದನ್ನು ಬರೆಯುತ್ತಿರುವುದು ನೆಲದ ಮೇಲೆ ಅಲ್ಲ.

ಪಟ್ಟಿ ಹೊಲಿದ ಜೋಲಿ ನಿನ್ನೆ ಮನೆಗೆ ಬಂತು. ಚೆನ್ನಾಗಿ ಒಗೆದು ಒಗೆದು ಬಟ್ಟೆಯ ಸೊಕ್ಕು ಅಡಗಿಸಿಯೇ ತಂದದ್ದು. ಆಫೀಸಿನಲ್ಲಿ ಮರಳು ಮೂಟೆ ಹಾಕಿ ನೋಡಿಯಾಗಿದೆ. ಆದರೂ ಮನೆಯಲ್ಲಿ ಇವರಿಗಿಂತ ಮೊದಲು ನಾನೇ ಕೂರುತ್ತೇನೆ ಎಂದು ಹಟ ಹಿಡಿದೆ. ಇನ್ನೊಮ್ಮೆ ಆ ಮುಖ ಬಿಳಿಚುವುದನ್ನು ನೋಡಲಾರೆ. ನಿನ್ನ ತೂಕ ಯಾವ ಲೆಕ್ಕಕ್ಕೆ ಎಂದು ಇವರು ಹೀಯಾಳಿಸಿದರು. ನೀರಿನ ಕ್ಯಾನುಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಕೆಳಗೆ ಹಾಸಿಗೆ ಇದೆ. ಅಕ್ಕ ಕುಣಿಕೆ ಸಿಕ್ಕಿಸಿಕೊಟ್ಟು, ಗಂಡ ಹೆಂಡತಿ ಇಬ್ಬರಿಗೂ ಕೆಲಸವಿಲ್ಲ ಎಂದು ಗೊಣಗಿ ಬಟ್ಟೆ ಒಣಹಾಕಲು ಹೋದಳು. ರಿಮೋಟು ಇವರ ಕೈಯಲ್ಲಿ. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದರು.

"ಲಗೇಜ್ ಬಂತು, ದಾರಿ ಬಿಡಿ."

ಪಾದ ಹಾಸಿಗೆ ಬಿಟ್ಟಿತು. ಮೂರು ವರ್ಷದಿಂದ ಇವರನ್ನು ಎತ್ತಿದ್ದೇನೆ. ಇಳಿಸಿದ್ದೇನೆ. ಹೀಗಿರುತ್ತದೆ ಎಂದು ಒಮ್ಮೆಯೂ ಕೂತು ನೋಡಿರಲಿಲ್ಲ. ಎಲ್ಲ ಲೆಕ್ಕವೂ ಗೊತ್ತಿತ್ತು.

ಸೀಟು ಇಳಿಯುತ್ತದೆಯೇ ಎಂದು ಒಂದು ಗಂಟೆ ಕೂತು ನೋಡಬೇಕು, ಅದಕ್ಕೇ ಈ ಪುಸ್ತಕವನ್ನೂ ಎತ್ತಿಕೊಂಡೆ. ಇಳಿದಿಲ್ಲ. ಪಟ್ಟಿ ಹಿಡಿದಿದೆ. ಚೌಕ ಚೌಕವಾಗಿಯೇ ಇದೆ. ಬೆನ್ನಿನ ಹತ್ತಿರ ಮಾತ್ರ ಸ್ವಲ್ಪ ಸುಕ್ಕು. ಬರೆದುಕೊಂಡೆ.

ಇವರು ನೋಡುತ್ತಿದ್ದಾರೆ. ನಿನ್ನ ಟೆಸ್ಟು ಸರಿ ಇಲ್ಲ ಎನ್ನುತ್ತಿದ್ದಾರೆ. ಯಾಕೆ ಎಂದೆ. ಕತ್ತು ಬಿಗಿ ಹಿಡಿದಿದ್ದೀಯ, ಸೊಂಟ ಬಿಗಿ ಹಿಡಿದಿದ್ದೀಯ, ಅರ್ಧ ಭಾರ ನೀನೇ ಹೊತ್ತಿದ್ದೀಯ, ಬಟ್ಟೆಗೆ ಎಲ್ಲಿ ಕೊಟ್ಟೆ ಎಂದರು. ಇಸ್ತ್ರಿ ಮಾಡಿದ ಸ್ಯಾಂಪಲ್ಲು ನೀನು ಎಂದರು.

ನಿಜ. ಮೂಗಿಗೆ ಹೊಡೆದಂತಾಯಿತು.

ಈಗ ಆ ದನಿ ತೆಗೆದಿದ್ದಾರೆ. ಪೂಲಿನ ದನಿ. ಮೂರು ವರ್ಷದಿಂದ ಕೇಳಿರಲಿಲ್ಲ.

"ಕತ್ತು ಬಿಡು."

ಬಿಟ್ಟೆ. ತಲೆ ಹಿಂದಕ್ಕೆ ಹೋಯಿತು. ಬಟ್ಟೆ ಹಿಡಿದುಕೊಂಡಿತು. ಬರೆಯುವುದು ಕಷ್ಟವಾಗುತ್ತಿದೆ, ಪುಸ್ತಕ ಮೇಲೆತ್ತಿ ಹಿಡಿದು ಬರೆಯುತ್ತಿದ್ದೇನೆ.

"ಸೊಂಟ ಬಿಡು."

ನೋವು ಎಲ್ಲಿತ್ತು ಎಂದು ಅದು ಹೋದ ಮೇಲೆ ಗೊತ್ತಾಗುತ್ತಿದೆ. ಇಳಿಸಲಾ ಎಂದು ಕೇಳಿದರು. ಬೇಡ, ಇನ್ನೂ ಗಂಟೆ ಆಗಿಲ್ಲ ಎಂದೆ. ಗಡಿಯಾರ ನೋಡಿಲ್ಲ ನಾನು. ಇವರಿಗೂ ಗೊತ್ತು.

ಪೆನ್ನೂ ಬಿಡು ಎನ್ನುತ್ತಿದ್ದಾರೆ. ಇದೊಂದು ಸಾಲು ಬರೆದು